ಜಗಳ ಬಿಡಿಸುವವರು

ಈಶ್ವರಮಂಗಲ
22 ಮೇ 2025

ಸೇವಂತಿಯವರಿಗೆ ನಮಸ್ಕಾರ.

ಹೋದ ಗುರುವಾರ ಮಂಗಳೂರಿನ ಆಸ್ಪತ್ರೆಯಲ್ಲಿ ನಿಮ್ಮ ಪಕ್ಕದ ಕುರ್ಚಿಯಲ್ಲಿ ಡ್ರಿಪ್ ಹಾಕಿಸಿಕೊಂಡು ಕುಳಿತಿದ್ದ ಮಹೇಶ್ವರ ಭಟ್ಟ ನಾನು. ಹೆಗಲ ಬೈರಾಸನ್ನೇ ಬಾಯಿಗೆ ಸುತ್ತಿಕೊಂಡಿದ್ದವನು. ನೀವು ಒಂದರ ಹಿಂದೊಂದು ಪ್ರಶ್ನೆ ಕೇಳಿದಿರಿ, ನಾನು ಚೀಟಿಯಲ್ಲಿ ಉತ್ತರ ಬರೆಯುತ್ತಾ ಹೋದೆ. "ಈ ನೀರು ಒಳಗೆ ಹೋಗಿ ಎಂತ ಮಾಡುದು ಮಾಷ್ಟ್ರೇ?" ಎಂದು ಕೇಳಿದ್ದಕ್ಕೆ ಉತ್ತರ ಬರೆಯುವ ಮೊದಲೇ ನಿಮ್ಮ ಬಾಟಲಿ ಮುಗಿಯಿತು. ಬಸ್ಸಿಗೆ ಹೊತ್ತಾಯಿತೆಂದು ವಿಳಾಸ ಕೊಟ್ಟು, "ಬರ್ದು ಹಾಕಿ" ಎಂದು ಹೊರಟಿರಿ. ತಮಾಷೆಗೆ ಹೇಳಿದ್ದೋ ಏನೋ. ಹೈಸ್ಕೂಲಿನಲ್ಲಿ ಜೀವಮಾನವಿಡೀ ವಿಜ್ಞಾನ ಕಲಿಸಿದವನ ಹತ್ತಿರ ತಮಾಷೆಗೂ ಪ್ರಶ್ನೆ ಕೇಳಬಾರದು.

ನಮ್ಮ ರಕ್ತದಲ್ಲಿ ಟಿ ಕೋಶಗಳೆಂಬ ಜಗಳಗಂಟರಿದ್ದಾರೆ. ಹೊರಗಿನ ರೋಗಾಣು ಕಂಡರೆ ಹೊಡೆಯುವುದು ಅವರ ಕೆಲಸ. ಅವರನ್ನು ಅವರ ಪಾಡಿಗೆ ಬಿಟ್ಟರೆ ಮನೆಯವರಿಗೂ ಹೊಡೆದಾರು. ಅದಕ್ಕಾಗಿ ಅವರ ನಡುವೆಯೇ ಇನ್ನೊಂದು ಬಗೆಯ ಟಿ ಕೋಶಗಳಿವೆ. ರೆಗ್ಯುಲೇಟರಿ ಟಿ ಸೆಲ್ ಎಂದು ಡಾಕ್ಟರು ಹೇಳುತ್ತಾರೆ, ನಾನು ಜಗಳ ಬಿಡಿಸುವವರು ಎನ್ನುತ್ತೇನೆ. "ಸಾಕು ಮಾರಾಯ, ಇವ ನಮ್ಮವನೇ, ಬಿಡು" ಎನ್ನುವುದು ಇವರ ಕೆಲಸ. ಇವರಿಲ್ಲದಿದ್ದರೆ ನಮ್ಮ ಮೈ ನಮ್ಮನ್ನೇ ತಿಂದು ಮುಗಿಸುತ್ತಿತ್ತು. ಆದರೆ ಕ್ಯಾನ್ಸರ್ ಮಹಾ ಕಿಲಾಡಿ. ಅದು ಈ ಜಗಳ ಬಿಡಿಸುವವರನ್ನೇ ಕರೆದು ತನ್ನ ಜಗಲಿಯಲ್ಲಿ ಕೂರಿಸಿಕೊಳ್ಳುತ್ತದೆ. ಹೊಡೆಯಲು ಬಂದವರು ಇವರ ಮುಖ ನೋಡಿ ವಾಪಸು ಹೋಗುತ್ತಾರೆ.

ನಿಮಗೆ ಎರಡು ಬಾಟಲಿ. ಒಂದು, ಹೊಡೆಯುವವರ ಕೈಗೆ ಬಿದ್ದ ಕಟ್ಟು ಬಿಚ್ಚುತ್ತದೆ. ಇನ್ನೊಂದು, ಜಗಳ ಬಿಡಿಸುವವರ ಮಾತು ನಡೆಯದಂತೆ ಮಾಡುತ್ತದೆ. ನನಗೆ ಮೊದಲನೆಯದು ಮಾತ್ರ.

ನನ್ನ ಬಗ್ಗೆಯೂ ಕೇಳಿದ್ದಿರಿ. ನಾಲಗೆಯ ಮುಕ್ಕಾಲು ಪಾಲು ಆಪರೇಷನ್ನಿನಲ್ಲಿ ಹೋಗಿದೆ. ಕಾರಣ ಎಲೆಯಡಿಕೆ, ಆದರೆ ನಮ್ಮದು ಅಡಿಕೆ ತೋಟದ ಮನೆಯಾದ್ದರಿಂದ ಹಾಗೆ ಹೇಳುವಂತಿಲ್ಲ. ತಮ್ಮ ಗಿರಿಧರ ತಪ್ಪನ್ನು ಸುಣ್ಣದ ಮೇಲೆ ಹಾಕುತ್ತಾನೆ. ನಾನು ಮದುವೆಯಾದವನಲ್ಲ, ಅವನ ಸಂಸಾರದ ಜೊತೆ ಇದ್ದೇನೆ. ಎಲ್ಲರೂ ಒಳ್ಳೆಯವರು. ನನ್ನ ಹತ್ತಿರ ಏನನ್ನೂ ಕೇಳುವುದನ್ನು ಮಾತ್ರ ಬಿಟ್ಟಿದ್ದಾರೆ, ಉತ್ತರ ಬರೆದು ಮುಗಿಯುವವರೆಗೆ ಕಾಯಬೇಕಲ್ಲ. ಆದ್ದರಿಂದ ಇನ್ನೂ ಪ್ರಶ್ನೆಗಳಿದ್ದರೆ ಬರೆಯಿರಿ.

ಮಹೇಶ್ವರ ಭಟ್ಟ


ಗುಂಡ್ಯ
30 ಮೇ 2025

ಮಾಷ್ಟ್ರಿಗೆ ಸೇವಂತಿಯ ನಮಸ್ಕಾರಗಳು.

ನಿಮ್ಮ ಕಾಗದ ಬಂತು. ಪೋಸ್ಟ್‌ಮ್ಯಾನ್ ಎರಡು ಸಲ ಹಿಂದೆ ಮುಂದೆ ನೋಡಿ ಕೊಟ್ಟ. ನನಗೆ ಕಾಗದ ಬಂದದ್ದು ಅವನ ಕಾಲದಲ್ಲಿ ಇದೇ ಮೊದಲು.

ತಮಾಷೆಗೆ ಹೇಳಿದ್ದಲ್ಲ. ಆಸ್ಪತ್ರೆಯಲ್ಲಿ ಯಾರೂ ನನಗೆ ಅರ್ಥವಾಗುವ ಹಾಗೆ ಹೇಳಿರಲಿಲ್ಲ. ಹೊಸ ಔಷಧದ ಪರೀಕ್ಷೆಗೆ ಸೇರಿಸಿಕೊಂಡಿದ್ದೇವೆ, ಔಷಧ ಕಂಪೆನಿಯವರೇ ಕೊಡುತ್ತಾರೆ, ಇಲ್ಲಿ ಸಹಿ ಹಾಕಿ ಎಂದರು. ಹಾಕಿದೆ. ಈಗ ಗೊತ್ತಾಯಿತು. ನೀವು ಹೇಳಿದ ಜಗಳ ಬಿಡಿಸುವ ಕೋಶ ನಾನೇ. ಹೆದ್ದಾರಿಯ ಬದಿಯ ಹೋಟೆಲು ನಮ್ಮದು. ಘಾಟಿ ಹತ್ತುವ ಲಾರಿಯವರು, ಇಳಿಯುವ ಲಾರಿಯವರು, ದಿನಕ್ಕೊಮ್ಮೆಯಾದರೂ ಗಾಡಿ ನಿಲ್ಲಿಸುವ ಜಾಗಕ್ಕೆ ಜಗಳ. ನಾನು ಸಟ್ಟುಗ ಹಿಡಿದುಕೊಂಡೇ ಹೊರಗೆ ಹೋಗಿ "ಸಾಕಾ ನಿಮ್ಮದು?" ಎಂದು ಕೇಳಿದರೆ ಸುಮ್ಮನಾಗುತ್ತಾರೆ.

ಒಂದು ಮಾತು. ನನ್ನ ಕಿಡ್ನಿಯ ಸಂಗತಿ ಇಲ್ಲಿ ಯಾರಿಗೂ ಗೊತ್ತಿಲ್ಲ. ಯಜಮಾನರು ತೀರಿಹೋದ ಮೇಲೆ ಈ ಹೋಟೆಲಿನ ಮೇಲೆಯೇ ನನ್ನ ಜೀವನ. ಹೋಟೆಲಿನ ಹೆಂಗಸಿಗೆ ಕ್ಯಾನ್ಸರ್ ಎಂದರೆ ಅವಳ ಕೈಯ ದೋಸೆ ಯಾರು ತಿನ್ನುತ್ತಾರೆ? ಅಂಟುವ ಕಾಯಿಲೆಯಲ್ಲ ಎಂದು ಲಾರಿ ಲಾರಿಗೆ ಹೋಗಿ ಪಾಠ ಮಾಡಲು ನಾನು ನಿಮ್ಮ ಹಾಗೆ ಮಾಷ್ಟ್ರಲ್ಲ. ಮಂಗಳೂರಿಗೆ ಬರುವ ದಿನ ಸುಳ್ಯದಲ್ಲಿರುವ ತಂಗಿ ಭವಿತಾಳ ಮನೆಗೆ ಎಂದು ಹೇಳಿ ಹೊರಡುತ್ತೇನೆ. ದಿನವಿಡೀ ನೂರು ಜನ ಬಂದು ಹೋಗುವ ಜಾಗದಲ್ಲಿ ಇದನ್ನು ಬಾಯಿ ಬಿಟ್ಟು ಹೇಳಲು ಒಬ್ಬರಿಲ್ಲ. ಈಗ ನಿಮಗೆ ಬರೆಯುತ್ತಿದ್ದೇನೆ, ಹಗುರವಾಗುತ್ತದೆ.

ಬೆನ್ನಲ್ಲಿ, ತೋಳಿನಲ್ಲಿ ಕೆಂಪು ಕೆಂಪಾಗಿ ಎದ್ದು ತುರಿಸುತ್ತದೆ. ಇದು ಎಂತದ್ದು? ನಿಮಗೂ ಉಂಟಾ? ಜೂನ್ ಐದಕ್ಕೆ ನನ್ನ ಎರಡನೆಯ ಡ್ರಿಪ್. ನೀವು ಅದೇ ಕುರ್ಚಿಯಲ್ಲಿ ಕೂರಿ.

ಕೆಳಗೆ ನನ್ನ ನಂಬರ್ ಬರೆದಿದ್ದೇನೆ. ನಿಮಗೆ ಮಾತಾಡಲು ಆಗುವುದಿಲ್ಲ, ನನ್ನ ಗುಂಡಿ ಫೋನಿನಲ್ಲಿ ಕನ್ನಡ ಅಕ್ಷರ ಬರೀ ಚೌಕ ಚೌಕ ಬರುತ್ತದೆ. ಆದರೂ ಇರಲಿ.

ಸೇವಂತಿ


ಈಶ್ವರಮಂಗಲ
10 ಜೂನ್ 2025

ಸೇವಂತಿಯವರೇ,

ಐದನೆಯ ತಾರೀಕು ನಾನು ಬರಲಿಲ್ಲ. ನನ್ನ ಡ್ರಿಪ್ಪನ್ನು ಸೋಮವಾರಕ್ಕೆ ಬದಲಾಯಿಸಿದ್ದಾರೆ. ಮುಂದೆಯೂ ಸೋಮವಾರವೇ. ತಿಳಿಸಲು ತಡವಾಯಿತು, ಕ್ಷಮಿಸಿ.

ನಿಮ್ಮ ತುರಿಕೆಯ ಬಗ್ಗೆ ಡಾಕ್ಟರ ಹತ್ತಿರ ಬರೆದು ಕೇಳಿದೆ. ಕೆಲವರಲ್ಲಿ ಅದು ಔಷಧ ಕೆಲಸಕ್ಕಿಳಿದ ಲಕ್ಷಣವಂತೆ. ಜಗಳಗಂಟರು ಎಚ್ಚರವಾಗಿ ಸಿಕ್ಕಿದ ಕಡೆ ಕೈಯಾಡಿಸುತ್ತಿದ್ದಾರೆ. ಕಿಡ್ನಿಯ ಗಡ್ಡೆಗೂ ಹೊಡೆಯುತ್ತಿರಬೇಕು. ಮುಲಾಮು ಕೇಳಿ ಹಚ್ಚಿಕೊಳ್ಳಿ, ಹೆದರಬೇಡಿ.

ನನಗೆ ಒಂದು ಸಣ್ಣ ತುರಿಕೆಯೂ ಇಲ್ಲ. ಸೊಳ್ಳೆ ಕಚ್ಚಿದ ಜಾಗವನ್ನೂ ಆಸೆಯಿಂದ ನೋಡಿಕೊಳ್ಳುತ್ತೇನೆ.

ಮ. ಭಟ್ಟ


ಗುಂಡ್ಯ
27 ಜೂನ್ 2025

ಮಾಷ್ಟ್ರೇ,

ನಿನ್ನೆ ಮೂರನೆಯ ಡ್ರಿಪ್ ಆಯಿತು. ನಿಮ್ಮ ಕುರ್ಚಿಯಲ್ಲಿ ಬೇರೆ ಯಾರೋ ಕೂತಿದ್ದರು, ಸಂಜೆಯವರೆಗೂ ಮೊಬೈಲಿನಲ್ಲಿ ಪಿಕ್ಚರ್ ನೋಡಿದರು. ನಾನು ಗೋಡೆ ನೋಡಿದೆ.

ನನ್ನ ಮನಸ್ಸಿನಲ್ಲಿ ಒಂದು ಸಂಶಯ ಬಂದಿದೆ, ಹೇಳಿಬಿಡುತ್ತೇನೆ. ಹೋಟೆಲಿನ ಹೆಂಗಸಿನ ಜೊತೆ ಕೂತರೆ ನೆಂಟರು ಯಾರಾದರೂ ನೋಡಿಯಾರು ಎಂದು ನೀವು ದಿನ ಬದಲಾಯಿಸಿದ್ದಾ? ಹಾಗಿದ್ದರೆ ಹಾಗೆಂದೇ ಬರೆಯಿರಿ, ನನಗೆ ಬೇಸರವಿಲ್ಲ. ಬೇಸರ ಉಂಟು, ಆದರೆ ಬರೆಯಿರಿ.

ತುರಿಕೆ ಈಗ ಕಾಲಿಗೂ ಬಂದಿದೆ. ನೀವು ಹೇಳಿದ ಮೇಲೆ ತುರಿಸಿದಾಗಲೆಲ್ಲ ಖುಷಿಯಾಗುತ್ತದೆ. ಮೈಗೆ ಎಂತ ಬಂದರೂ ಬರಲಿ, ಔಷಧ ನಿಲ್ಲದಿದ್ದರೆ ಸಾಕು.

ಸೇವಂತಿ


ಈಶ್ವರಮಂಗಲ
5 ಜುಲೈ 2025

ಸೇವಂತಿಯವರೇ,

ಹಾಗಲ್ಲ. ದೇವರಾಣೆಗೂ ಹಾಗಲ್ಲ. ಅದಕ್ಕಿಂತ ಹೆಚ್ಚು ಈಗ ಬರೆಯಲಾರೆ.

ನೀವು ಸಿಟ್ಟಿನಲ್ಲಾದರೂ ಬರೆಯುತ್ತಿರಿ.

ಮ. ಭಟ್ಟ


ಗುಂಡ್ಯ
27 ಜುಲೈ 2025

ಮಾಷ್ಟ್ರೇ,

ನಿಮ್ಮ ಎರಡು ಗೆರೆಯ ಕಾಗದಕ್ಕೆ ಉತ್ತರ ಬರೆಯಬಾರದು ಎಂದೇ ಇದ್ದೆ. ಇವತ್ತು ಹೊಟ್ಟೆಯ ಉಪದ್ರದಿಂದ ಕೂತಲ್ಲೇ ಕೂರಬೇಕಾಗಿದೆ, ಹಾಗಾಗಿ ಬರೆಯುತ್ತಿದ್ದೇನೆ.

ಹದಿನೇಳಕ್ಕೆ ನಾಲ್ಕನೆಯ ಡ್ರಿಪ್ ಮುಗಿಯಿತು. ಮುಂದಿನ ತಿಂಗಳು ಸ್ಕ್ಯಾನ್ ಮಾಡಿ, ಆಮೇಲೆ ಒಂದೇ ಬಾಟಲಿಯ ಔಷಧ ಶುರು ಮಾಡುತ್ತಾರಂತೆ. ಮೊನ್ನೆ ಆಟಿ ಅಮಾವಾಸ್ಯೆಗೆ ಪಾಲೆ ಮರದ ತೊಗಟೆ ಕೆತ್ತಿ ತಂದು ಕಷಾಯ ಮಾಡಿ ಕುಡಿದೆ. ವರ್ಷಕ್ಕೊಮ್ಮೆ ಅವತ್ತು ಅದನ್ನು ಕುಡಿಯದೆ ಬಿಡುವ ಕ್ರಮ ನಮ್ಮಲ್ಲಿ ಇಲ್ಲವಲ್ಲ. ಈ ಸಲ ಎಲ್ಲರಿಗಿಂತ ಒಂದು ಲೋಟ ಹೆಚ್ಚೇ ಕುಡಿದೆ, ಮೈಗೆ ಶಕ್ತಿ ಬರಲಿ ಎಂದು. ಅವತ್ತೇ ಸಂಜೆಯಿಂದ ಭೇದಿ. ಕಷಾಯದ ಉಷ್ಣ. ಮೆಂತೆ ಗಂಜಿ ಉಂಡರೆ ತಂಪಾಗುತ್ತದೆ ಎಂದು ದಿನಾ ಅದನ್ನೇ ಉಣ್ಣುತ್ತಿದ್ದೇನೆ, ಇನ್ನೂ ನಿಂತಿಲ್ಲ. ನಿನ್ನೆಯಿಂದ ಸ್ವಲ್ಪ ರಕ್ತವೂ ಕಾಣುತ್ತದೆ. ಉಷ್ಣ ಹೆಚ್ಚಾದರೆ ಹಾಗಾಗುತ್ತದೆ.

ಆಸ್ಪತ್ರೆಯ ನರ್ಸ್ ಫೋನ್ ಮಾಡಿ, "ಲೂಸ್ ಮೋಷನ್ ಉಂಟಾ ಅಮ್ಮ?" ಎಂದು ಕೇಳಿದಳು. "ಎಂತದೂ ಇಲ್ಲ, ಚೆಂದ ಇದ್ದೇನೆ" ಎಂದೆ. ಕಷಾಯದ ಭೇದಿಗೆ ಅವರು ಔಷಧ ನಿಲ್ಲಿಸಿದರೆ? ನಮ್ಮ ಆಟಿ ಕಷಾಯ ಅವರಿಗೆ ಅರ್ಥವಾಗುವುದಿಲ್ಲ.

ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಬಂದ್. ಲಾರಿಯವರೆಲ್ಲ ಇಲ್ಲೇ ಬಿದ್ದುಕೊಂಡಿದ್ದಾರೆ. ನೂರು ಜನಕ್ಕೆ ಬೇಯಿಸಬೇಕು, ನಾನು ನಾಲ್ಕು ಹೆಜ್ಜೆ ಇಟ್ಟರೆ ಗೋಡೆ ಹಿಡಿಯುತ್ತೇನೆ. ನೀವು ಸೋಮವಾರ ಹೋಗುವಾಗ ನನ್ನ ಹೆಸರು ಹೇಳಬೇಡಿ.

ಸೇವಂತಿ


ಈಶ್ವರಮಂಗಲ
31 ಜುಲೈ 2025

ಸೇವಂತಿಯವರೇ,

ಈ ಕಾಗದ ಕೈಗೆ ಬಂದ ಕೂಡಲೇ ಒಲೆ ಆರಿಸಿ ಮಂಗಳೂರಿಗೆ ಹೊರಡಿ. ಉಳಿದದ್ದನ್ನು ದಾರಿಯಲ್ಲಿ ಓದಿ.

ಅದು ಕಷಾಯದ ಉಷ್ಣ ಅಲ್ಲ. ಕಷಾಯದ ಭೇದಿ ಒಂದು ದಿನಕ್ಕೆ ನಿಲ್ಲುತ್ತದೆ. ಜಗಳ ಬಿಡಿಸುವವರ ಬಾಯಿ ಕಟ್ಟಿದ್ದಾರೆ ಎಂದು ಬರೆದಿದ್ದೆನಲ್ಲ, ಈಗ ನಿಮ್ಮ ಕರುಳಿನ ಹತ್ತಿರ ಸಾಕು ಎನ್ನುವವರು ಯಾರೂ ಇಲ್ಲ. ಹೊಡೆಯುವವರು ಕರುಳನ್ನೇ ಹೊಡೆಯುತ್ತಿದ್ದಾರೆ. ಬಿಟ್ಟರೆ ಕರುಳು ತೂತಾಗಿ ಜೀವ ಹೋಗುತ್ತದೆ. ಬೇಗ ಹೋದರೆ ಸ್ಟೀರಾಯ್ಡ್ ಕೊಟ್ಟು ನಿಲ್ಲಿಸುತ್ತಾರೆ. ಎಷ್ಟು ದಿನದಿಂದ, ರಕ್ತ ಎಷ್ಟು, ಎಲ್ಲ ಹೇಳಿ. ತುರಿಕೆಗೆ ನಾನು ಹೇಳಿದ ಮಾತು ಭೇದಿಗೆ ಸಲ್ಲುವುದಿಲ್ಲ.

ನಿನ್ನೆ ಮಧ್ಯಾಹ್ನ ನಿಮ್ಮ ಕಾಗದ ಬಂತು. ಕೂಡಲೇ ಫೋನ್ ಮಾಡಿದೆ. ಹೌದು, ಅದು ನಾನು. ನೀವು "ಹಲೋ ಯಾರು?" ಎಂದಿರಿ. ನಾನು ಹೆಸರು ಹೇಳಲು ನೋಡಿದೆ, ಆಸ್ಪತ್ರೆ ಎನ್ನಲು ನೋಡಿದೆ. ಬಂದದ್ದು ಗಂಟಲಿನ ಗೊರಗೊರ. ನೀವು ಇಟ್ಟುಬಿಟ್ಟಿರಿ. ಎರಡನೆಯ ಸಲ, "ಹಗಲಿಗೇ ಕುಡ್ದು ಫೋನ್ ಮಾಡುದಾ? ಹೆಂಗಸರ ನಂಬರ್ ಸಿಕ್ಕಿದ್ರೆ ಸಾಕಾ ನಿಮ್ಗೆ, ಮರ್ಯಾದಿ ಇಲ್ಲದವ!" ಎಂದು ಬೈದಿರಿ. ಮೂರನೆಯ ಸಲ ಎತ್ತಲಿಲ್ಲ. ನಿಮ್ಮ ಮೇಲೆ ಸಿಟ್ಟಿಲ್ಲ. ನನ್ನ ಬಾಯಿಯ ಮೇಲೆ ಇಷ್ಟು ಸಿಟ್ಟು ಆಪರೇಷನ್ ಆದ ದಿನವೂ ಬಂದಿರಲಿಲ್ಲ.

ಕೊನೆಗೆ ಗಿರಿಧರನಿಗೆ ನಿಮ್ಮ ಕಾಗದ ತೋರಿಸಿದೆ. ಓದಿ, ಯಾರಿವರು ಎಂದು ಕೇಳಿ, ಮೀಸೆಯಡಿ ನಕ್ಕ. ನಗಲಿ. ಅವನು ಫೋನ್ ಮಾಡಿ ಭೇದಿಯ ಸುದ್ದಿ ಎತ್ತಿದ. "ನನಗೆ ಎಂತ ಕಾಯಿಲೆಯೂ ಇಲ್ಲ, ರಾಂಗ್ ನಂಬರ್" ಎಂದಿರಿ. ಹಿಂದೆ ಲಾರಿಯವರ ಗಲಾಟೆ ಕೇಳುತ್ತಿತ್ತು. ಅವನು ಆಸ್ಪತ್ರೆಗೂ ಫೋನ್ ಮಾಡಿದ. "ನಾವು ಇವತ್ತೂ ಕೇಳಿದ್ದೇವೆ, ಚೆಂದ ಇದ್ದೇನೆ ಅಂತಾರೆ" ಎಂದರು.

ಕೆಳಗೆ ನನ್ನ ನಂಬರ್ ಬರೆದಿದ್ದೇನೆ, ನಾಡಿದ್ದಿನೊಳಗೆ ಸುದ್ದಿ ಬಾರದಿದ್ದರೆ ನಾನೇ ಬರುತ್ತೇನೆ.

ಮಹೇಶ್ವರ ಭಟ್ಟ


ಈಶ್ವರಮಂಗಲ
3 ಆಗಸ್ಟ್ 2025

ಸೇವಂತಿಯವರೇ,

ಇದನ್ನು ನೀವು ಓದುವಿರೋ ಇಲ್ಲವೋ ಗೊತ್ತಿಲ್ಲ. ಬರೆಯದೆ ಕೂರಲು ಆಗುತ್ತಿಲ್ಲ.

ನಿನ್ನೆ ಬಂದಿದ್ದೆ. ಪುತ್ತೂರಿನಲ್ಲಿ ಒಂದು ಬಸ್ಸು, ಉಪ್ಪಿನಂಗಡಿಯಲ್ಲಿ ಇನ್ನೊಂದು. ಟಿಕೆಟಿಗೆ ಚೀಟಿ ಕೊಟ್ಟರೆ ಕಂಡಕ್ಟರ್ ಭಿಕ್ಷೆಯವನೆಂದು ತಿಳಿದು ಮುಂದೆ ಹೋದ. ಗುಂಡ್ಯದಲ್ಲಿ ನಿಮ್ಮ ಹೋಟೆಲಿನ ಶಟರ್ ಎಳೆದಿತ್ತು. ಪಕ್ಕದ ಪಂಕ್ಚರ್ ಅಂಗಡಿಯವರಿಗೆ, ಅದ್ರಾಮ ಎಂದು ಹೆಸರು ಹೇಳಿದರು, ನಿಮ್ಮ ಹೆಸರು ಬರೆದು ತೋರಿಸಿದೆ. "ನಿನ್ನೆ ಒಲೆಯ ಬುಡದಲ್ಲಿ ಬಿದ್ದಿದ್ರು. ನಾನೇ ಪಿಕಪ್ಪಿನಲ್ಲಿ ಹಾಕ್ಕೊಂಡು ಮಂಗಳೂರಿಗೆ ಮುಟ್ಟಿಸಿ ಬಂದೆ. ಉಸಿರು ಉಂಟು. ಐಸಿಯು ಒಳಗೆ ನಮ್ಮನ್ನು ಬಿಡುದಿಲ್ಲ" ಎಂದರು. ಕುಳ್ಳಿರಿಸಿ ನೀರು ಕೊಟ್ಟರು. ಆಮೇಲೆ ಯಾರಾದರೂ ಕೇಳುವುದನ್ನೇ ಕೇಳಿದರು. "ನೀವು ಅವರಿಗೆ ಎಂತ ಆಗ್ಬೇಕು?"

ಪೆನ್ನು ತೆರೆದೆ. ಏನೆಂದು ಬರೆಯಲಿ? ನೆಂಟನಲ್ಲ, ಜಾತಿಯವನಲ್ಲ, ಊರವನಲ್ಲ. ಒಂದು ಮಧ್ಯಾಹ್ನ ಪಕ್ಕದಲ್ಲಿ ಕುಳಿತವನು. ಕೈಮುಗಿದು ಬಸ್ಸು ಹತ್ತಿದೆ. ಐಸಿಯು ಬಾಗಿಲಲ್ಲಿಯೂ ಅದೇ ಪ್ರಶ್ನೆ ಕೇಳುತ್ತಾರೆಂದು ಮಂಗಳೂರಿಗೆ ಹೋಗಲಿಲ್ಲ.

ಇನ್ನೊಂದು ಹೇಳಲಿಕ್ಕಿದೆ. ನನ್ನ ಡ್ರಿಪ್ ಸೋಮವಾರಕ್ಕೆ ಬದಲಾಯಿತು ಎಂಬುದು ಸುಳ್ಳು. ಜೂನ್ ಮೊದಲ ವಾರ ನನ್ನ ಸ್ಕ್ಯಾನ್ ಆಯಿತು. ಗಡ್ಡೆ ಕುತ್ತಿಗೆಗೆ ಇಳಿದಿದೆ. ನನ್ನಲ್ಲಿ ಗಡ್ಡೆಯ ಜಗಲಿಯಲ್ಲಿ ಕೂತ ಆ ಜಗಳ ಬಿಡಿಸುವವರು ಕದಲಲೇ ಇಲ್ಲ. ಇನ್ನು ಈ ಔಷಧದಿಂದ ಪ್ರಯೋಜನವಿಲ್ಲವೆಂದು ನಿಲ್ಲಿಸಿದರು, ನೋವಿಗೆ ಮಾತ್ರ ಮಾತ್ರೆ ಕೊಟ್ಟಿದ್ದಾರೆ. ನಿಮಗೆ ಹೇಳಲಿಲ್ಲ. ನನ್ನ ಹತ್ತಿರ ಪ್ರಶ್ನೆ ಕೇಳುವವರು ನೀವೊಬ್ಬರೇ ಇದ್ದಿರಿ. ಸಾಯುವವನ ಹತ್ತಿರ ಹೇಗಿದ್ದೀರಿ ಎಂಬುದನ್ನು ಬಿಟ್ಟು ಯಾರೂ ಏನೂ ಕೇಳುವುದಿಲ್ಲ.

ನಿಮ್ಮ ತುರಿಕೆಯ ಸುದ್ದಿ ಓದಿದ ದಿನ ನನಗೆ ಹೊಟ್ಟೆಕಿಚ್ಚಾಗಿತ್ತು. ಇವತ್ತು ಅದರ ಒಂದು ಚೂರೂ ಉಳಿದಿಲ್ಲ. ನೀವು ಬದುಕಬೇಕು. ನನಗೆ ಬೇರೇನೂ ಬೇಡ.

ಮಹೇಶ್ವರ


ಗುಂಡ್ಯ
3 ಅಕ್ಟೋಬರ್ 2025

ಮಾಷ್ಟ್ರೇ,

ಬದುಕಿದ್ದೇನೆ. ಮೊದಲು ಅದನ್ನು ಬರೆದುಬಿಡುತ್ತೇನೆ.

ಆಸ್ಪತ್ರೆಯಿಂದ ಬಿಟ್ಟ ಮೇಲೆ ಭವಿತಾ ನನ್ನನ್ನು ಸುಳ್ಯಕ್ಕೆ ಕರೆದುಕೊಂಡು ಹೋದಳು. ಮೊನ್ನೆ ಇಲ್ಲಿಗೆ ಬಂದೆ. ಶಟರ್ ಎತ್ತಿದರೆ ಅಡಿಯಲ್ಲಿ ನಿಮ್ಮ ಎರಡು ಕಾಗದ, ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಿ, ಒಲೆಯ ಬದಿಯಲ್ಲಿ ಒಣಗಿಸಿ ಓದಿದೆ. ಅಲ್ಲಿಯವರೆಗೆ ನಿಮ್ಮ ಮೇಲೆ ಎಷ್ಟು ಸಿಟ್ಟಿತ್ತು ಗೊತ್ತುಂಟಾ? ಭೇದಿಯೆಂದು ಬರೆದರೂ ಈ ಮನುಷ್ಯ ಒಂದು ಗೆರೆ ಬರೆಯಲಿಲ್ಲ ಎಂದು ಹಾಸಿಗೆಯಲ್ಲಿ ಮಲಗಿ ಎಣಿಸುತ್ತಿದ್ದೆ. ಓದಿ ಮುಗಿಸಿದ ಮೇಲೆ ಅತ್ತೆ. ದೋಸೆಗೆ ಕೂತವರು ನೋಡಿದರು. ನೋಡಲಿ.

ಡಾಕ್ಟರು ಚೆನ್ನಾಗಿ ಬೈದರು. ಇನ್ನೊಂದು ದಿನ ತಡವಾಗಿದ್ದರೆ ಕರುಳು ಒಡೆಯುತ್ತಿತ್ತಂತೆ. ಸ್ಟೀರಾಯ್ಡಿನಿಂದ ಮುಖ ಹಲಸಿನಕಾಯಿಯಷ್ಟಾಗಿದೆ. ಔಷಧ ನಿಲ್ಲಿಸಿದರು, ನಾನು ಹೆದರಿದ್ದೇ ಆಯಿತು. ಆದರೆ ಸ್ಕ್ಯಾನಿನಲ್ಲಿ ಗಡ್ಡೆ ಅರ್ಧಕ್ಕಿಂತ ಸಣ್ಣದಾಗಿದೆ. ನಿಲ್ಲಿಸಿದರೂ ಕೆಲವರಿಗೆ ಅದರ ಕೆಲಸ ಮುಂದುವರಿಯುತ್ತದಂತೆ. ಇದನ್ನು ನಿಮಗೆ ಬರೆಯಲು ಕೈ ಬರುವುದಿಲ್ಲ ಮಾಷ್ಟ್ರೇ. ಇಬ್ಬರೂ ಒಂದೇ ದಿನ ಕೂತವರು. ನನಗೆ ಯಾಕೆ, ನಿಮಗೆ ಯಾಕಿಲ್ಲ? ಇದು ಪ್ರಶ್ನೆ. ಉತ್ತರ ಬರೆಯಿರಿ.

ಊರಿಗೆಲ್ಲ ಗೊತ್ತಾಗಿದೆ. ಕೆಲವರು ಮುಂದಿನ ಹೋಟೆಲಿಗೆ ಹೋಗುತ್ತಾರೆ. ಸಂಜೆ ನಾನೂ ಬೆಂಚೂ ಮಾತ್ರ. ಅದ್ರಾಮ ಇಲ್ಲೇ ಚಾ ಕುಡಿಯುತ್ತಾನೆ. "ಆ ಬೈರಾಸಿನವರು ನಿಮ್ಗೆ ಎಂತ ಆಗ್ಬೇಕು ಅಕ್ಕ?" ಎಂದು ನನ್ನ ಹತ್ತಿರವೂ ಕೇಳಿದ. "ನಾನು ಸಾಯ್ತೇನೆ ಅಂತ ಗೊತ್ತಾದಾಗ ಬಂದವರು" ಎಂದೆ. ಅವನು ಇನ್ನೊಂದು ಚಾ ಹೇಳಿದ.

ಬರುವ ಗುರುವಾರ ಮಧ್ಯಾಹ್ನ ಊಟದ ಗಲಾಟೆ ಮುಗಿದ ಮೇಲೆ ನಿಮಗೆ ಫೋನ್ ಮಾಡುತ್ತೇನೆ. ನೀವೇ ಎತ್ತಬೇಕು, ತಮ್ಮನಿಗೆ ಕೊಡಬಾರದು.

ಸೇವಂತಿ


ಈಶ್ವರಮಂಗಲ
10 ಅಕ್ಟೋಬರ್ 2025

ಸೇವಂತಿಯವರೇ,

ನಿಮ್ಮ ಪ್ರಶ್ನೆಗೆ ಉತ್ತರ ನನಗೆ ಗೊತ್ತಿಲ್ಲ. ಡಾಕ್ಟರಿಗೂ ಪೂರ್ತಿ ಗೊತ್ತಿಲ್ಲ. ಈ ವಾರ ಪೇಪರಿನಲ್ಲಿ ಬಂದಿದೆ, ಆ ಜಗಳ ಬಿಡಿಸುವ ಕೋಶಗಳನ್ನು ಕಂಡುಹಿಡಿದವರಿಗೆ ನೊಬೆಲ್ ಕೊಟ್ಟಿದ್ದಾರೆ. ಒಬ್ಬರಲ್ಲಿ ಅವು ಯಾಕೆ ಸರಿಯುತ್ತವೆ, ಇನ್ನೊಬ್ಬರಲ್ಲಿ ಯಾಕಿಲ್ಲ ಎಂದು ಇನ್ನೂ ಹುಡುಕುತ್ತಿದ್ದಾರಂತೆ. ಗೊತ್ತಾಗುವವರೆಗೆ ನಾನು ಇರುವುದಿಲ್ಲ. ನೀವು ಇದ್ದು ಓದಿ. ನಿಮ್ಮ ಗಡ್ಡೆ ಸಣ್ಣದಾದ ಸುದ್ದಿ ಬರೆಯಲು ಹಿಂಜರಿಯಬೇಡಿ, ಅದನ್ನು ನಾಲ್ಕು ಸಲ ಓದಿದೆ.

ಈಗ ನೋವು ಹೆಚ್ಚು. ನೀರೂ ಮೂಗಿನ ಕೊಳವೆಯಲ್ಲೇ. ದಿಂಬಿಗೆ ಒರಗಿ ಬರೆಯುತ್ತಿದ್ದೇನೆ, ಅಕ್ಷರ ಓದಲಾಗದಿದ್ದರೆ ಕ್ಷಮಿಸಿ.

ನಿನ್ನೆ ಫೋನ್ ಬಂದಾಗ ನಾನು ಕೋಣೆಯ ಬಾಗಿಲು ಹಾಕಿಕೊಂಡೆ. ನೀವು ಮಾತಾಡಿದಿರಿ. ಘಾಟಿ ತೆರೆದದ್ದು, ಉದ್ದು ನೆನೆಯದೆ ಹಾಳಾದದ್ದು, ಅದ್ರಾಮನ ಮಗಳ ಮದುವೆ. ನಡುನಡುವೆ "ಅಲ್ವಾ ಮಾಷ್ಟ್ರೇ?" ಎಂದು ಕೇಳಿ ಸುಮ್ಮನೆ ಕಾದಿರಿ. ನಾನು ಗಂಟಲಿನಲ್ಲಿ ಆದಷ್ಟು ಶಬ್ದ ಮಾಡಿದೆ. ನನಗೇ ಅಸಹ್ಯವಾಗುವ ಶಬ್ದ. ನಿಮ್ಮ ಕಡೆ ಯಾರೋ ಗಿರಾಕಿ, "ಯಾರಕ್ಕ ಅದು? ಕುಡ್ದಿದ್ದಾನಾ?" ಎಂದು ನಕ್ಕದ್ದು ನನಗೆ ಕೇಳಿತು. ಇಟ್ಟುಬಿಡೋಣ ಎಂದುಕೊಂಡೆ.

"ಅವರು ಮಾತಾಡ್ತಾ ಇರುದು. ನೀ ಸ್ವಲ್ಪ ಸುಮ್ಮನಿರು" ಎಂದು ನೀವು ಅವನಿಗೆ ಹೇಳಿದ್ದೂ ಕೇಳಿತು.

ಆಪರೇಷನ್ ಆದ ಮೇಲೆ ನಾನು ಮಾತಾಡುತ್ತಿದ್ದೇನೆ ಎಂದು ಯಾರೂ ಹೇಳಿರಲಿಲ್ಲ.

ಮಹೇಶ್ವರ